ಉಜ್ಜಿದ ಬೆಸುಗೆ

ಹಳೆಯ ಟ್ರೇಲರ್ ಕೊಳ್ಳಲು ಬಂದವನು ಮೊದಲು ಅದನ್ನು ಬೈಯಬೇಕು. ಅದು ವ್ಯಾಪಾರದ ಮರ್ಯಾದೆ. ಅಣ್ಣನೂ ಕಾಲು ಗಂಟೆ ಆ ಮರ್ಯಾದೆಯನ್ನು ಚೆನ್ನಾಗಿಯೇ ಕಾಪಾಡಿದ. ಟೈರು ಒದ್ದು ನೋಡಿದ, ಹಲಗೆಗಳ ಮೇಲೆ ದಪದಪ ನಡೆದ, ಇಲ್ಲದ ತುಕ್ಕಿಗೂ ಮೂಗು ಮುರಿದ. ಆಮೇಲೆ ಅಂಗಾತ ಮಲಗಿ ಅಡಿಗೆ ತೂರಿದ. ಹೊರಗೆ ಬಂದಾಗ ಅವನ ಮುಖದಲ್ಲಿ ಗಿರಾಕಿಯ ಕಳೆಯೇ ಇರಲಿಲ್ಲ.

"ಕಿಡಿ, ಇಲ್ಲಿ ಬಾ. ಅಪ್ಪನ ಗುರುತಿದೆ ಇದರಲ್ಲಿ."

ಕಿಡಿ ಅವನ ತಂಗಿ. ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ನಡೆಯಲು ಕಲಿತ ದಿನದಿಂದಲೇ ಕಿಡಿ ಹಾರುವ ಕಡೆಗೆ ಓಡುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಂಗಡಿ ಈಗ ಅವಳದು, ಆದರೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಇನ್ನೂ 'ಮೇಸ್ತ್ರಿ ವೆಲ್ಡಿಂಗ್' ಎಂದೇ ಇದೆ, ಜನ ಹುಡುಕಿಕೊಂಡು ಬರುವುದೂ ಆ ಹೆಸರನ್ನೇ. ಅಣ್ಣ ಬೇರೆ ದಾರಿ ಹಿಡಿದು ಒಂದು ಸಣ್ಣ ಅಗೆಯುವ ಯಂತ್ರ ಕೊಂಡಿದ್ದ. ಎರಡು ಟನ್ ತೂಕದ ಅದು ರಸ್ತೆಯ ಮೇಲೆ ತಾನಾಗಿ ಓಡುವಂಥದ್ದಲ್ಲ. ಪ್ರತಿ ಕೆಲಸಕ್ಕೂ ಲಾರಿ ಹಿಡಿದು ಸಾಗಿಸಬೇಕು. ಈ ಗುಡ್ಡದ ಮೇಲಿನ ನರ್ಸರಿಯಲ್ಲಿ ಒಂದು ವಾರದಿಂದ ಅದು ಕೊಳ ತೋಡುತ್ತಿತ್ತು. ಕೆಲಸ ಮುಗಿದ ಮಧ್ಯಾಹ್ನವೇ ನರ್ಸರಿಯ ಯಜಮಾನರು, ಹೊಸ ಲಾರಿ ತಗೊಂಡಿರುವುದರಿಂದ ಟ್ರೇಲರ್ ಮಾರಿಬಿಡುತ್ತೇನೆ ಎಂದಿದ್ದರು. ಒಮ್ಮೆ ಪರೀಕ್ಷಿಸಿ ನೋಡಲಿ ಎಂದು ಅಣ್ಣ ತಂಗಿಯನ್ನು ಕರೆಸಿಕೊಂಡಿದ್ದ.

ಕಿಡಿ ಬಗ್ಗಿ ನೋಡಿದಳು. ಗಾಡಿಗೆ ಸಿಕ್ಕಿಸುವ ಮುಂದಿನ ಉದ್ದ ತೊಲೆಯ ಅಡಿಯಲ್ಲಿ, ಉಳಿಯಿಂದ ಹೊಡೆದ ಮೂರು ಚುಕ್ಕೆ. ಆ ತೊಲೆಗೆ ಅಪ್ಪ 'ಕತ್ತು' ಅನ್ನುತ್ತಿದ್ದ. ಅಂಗಡಿಯಿಂದ ಹೊರಡುವ ಪ್ರತಿಯೊಂದಕ್ಕೂ ಮೂರು ಚುಕ್ಕೆ ಹೊಡೆದು, ಇನ್ನು ಇದು ಮುರಿದರೆ ನನ್ನ ಮೂಗೇ ಮುರಿದಂತೆ ಎನ್ನುವುದು ಅವನ ಪದ್ಧತಿ. ಅವಳ ಕಣ್ಣು ಚುಕ್ಕೆಗಳಿಂದ ಒಂದು ಗೇಣು ಈಚೆಗೆ, ಕತ್ತು ಚೌಕಟ್ಟಿಗೆ ಸೇರುವ ಮೂಲೆಗೆ ಬಂತು. ಬೇರೆ ಕಡೆಯೆಲ್ಲ ಬೆಸುಗೆ ಹೆಣೆದ ಜಡೆಯಂತೆ ಎದ್ದು ನಿಂತಿತ್ತು. ಈ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ನುಣುಪು. ಅವಳು ಅದರ ಮೇಲೆ ಬೆರಳಾಡಿಸಿದಳು.

ಅಪ್ಪ ಬೆಸುಗೆಯನ್ನು ಎಂದೂ ಉಜ್ಜಿಸಿದವನಲ್ಲ. "ಉಜ್ಜೋದು ಯಾಕೆ? ಮುಚ್ಚಿಡೋಕೆ ಏನಿದೆ?" ಎಂದು ಗಿರಾಕಿಗಳನ್ನೇ ಗದರುತ್ತಿದ್ದ. ಇದನ್ನು ಉಜ್ಜಿದವಳು ಕಿಡಿ.

ಆರು ವರ್ಷದ ಹಿಂದೆ ಅಪ್ಪನ ನೋಟದ ನಡುವೆಯೇ ಮಸುಕು ಕೂತಿತ್ತು. ನೇರ ಬೆಸುಗೆಯನ್ನು ಕೈ ಅಭ್ಯಾಸದಲ್ಲೇ ಹಾಕಿಬಿಡುತ್ತಿದ್ದ. ಅಂಗಾತ ಮಲಗಿ ಹಾಕಬೇಕಾದ ಮೂಲೆಗಳು ಕೈಕೊಡುತ್ತಿದ್ದವು. ಕರಗಿದ ಲೋಹ ಒಂದು ಕಡೆ ಗುಡ್ಡೆಯಾಗಿ, ಇನ್ನೊಂದು ಕಡೆ ಹಿಡಿಯದೇ ಸುಮ್ಮನೆ ಅಂಟಿಕೊಂಡಿರುತ್ತಿತ್ತು. ಅದು ಗೊತ್ತಿದ್ದವಳು ಅವಳೊಬ್ಬಳೇ. "ನಿನ್ನಣ್ಣನಿಗೆ ಹೇಳ್ಬೇಡ. ಹೇಳಿದ್ರೆ ನಾಳೆಯಿಂದ ನನ್ನನ್ನ ಕುರ್ಚೀಲಿ ಕೂರಿಸ್ತಾನೆ," ಎಂದು ಅಪ್ಪ ಅವಳ ಕೈಹಿಡಿದು ಆಣೆ ಹಾಕಿಸಿಕೊಂಡಿದ್ದ. ಸಂಜೆ ಅವನು ಕೈಕಾಲು ತೊಳೆಯಲು ಹೋದಾಗ ಅವಳು ಗ್ರೈಂಡರ್ ಹಿಡಿದು ಆ ಗುಡ್ಡೆಗಳನ್ನು ಸಮ ಮಾಡಿ ಬಣ್ಣ ಬಳಿಯುತ್ತಿದ್ದಳು. ಅಪ್ಪನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ಇಪ್ಪತ್ತೆರಡು ವರ್ಷದವಳ ಬುದ್ಧಿ ಅಷ್ಟೇ. ಬೆಸುಗೆಯ ಮೇಲ್ಮೈ ಉಜ್ಜಿದರೆ ಇದ್ದಬದ್ದ ಹಿಡಿತವೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು.

"ಏನಂತೀಯ?" ಎಂದ ಅಣ್ಣ.

"ಟೈರ್ ಹಳೇದು," ಎಂದಳು ಕಿಡಿ. "ಇನ್ನೊಂದೆರಡು ಕಡೆ ನೋಡೋಣ್ವಾ?"

"ಟೈರ್ ನಾಳೆ ಹಾಕ್ಸಿದ್ರಾಯ್ತು."

"ಹಲಗೇನೂ ಸರಿಯಿಲ್ಲ."

"ಅಪ್ಪ ಮಾಡಿದ್ದು ಕಣೇ." ಅವನು ಚುಕ್ಕೆಗಳ ಮೇಲೆ ಕೈಯಾಡಿಸಿದ. "ಬೇರೆಯವರ ಹತ್ರ ಬಿಟ್ಟು ಹೋಗ್ತೀವಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಅಣ್ಣನ ಹುಟ್ಟುಗುಣ. ಈಗ ಮೂರು ಚುಕ್ಕೆ ಬೇರೆ ಸಿಕ್ಕಿಬಿಟ್ಟಿದ್ದವು. ನರ್ಸರಿಯ ಯಜಮಾನರು ಗಡಿಯಾರ ನೋಡಿದರು. "ನಿಮ್ಮ ತಂದೆಯವರ ಕೈಕೆಲಸ ಅಂತಲೇ ಮೊದ್ಲು ನಿಮ್ಮನ್ನ ಕೇಳಿದ್ದು, ನಾನು ಹೇಳೋಕೆ ಮುಂಚೆ ನೀವೇ ಗುರುತು ಹಿಡಿದ್ರಿ. ನಾಲ್ಕು ಗಂಟೆಗೆ ಇನ್ನೊಬ್ಬರು ಬರ್ತಾರೆ. ಇವತ್ತೇ ತಗೊಂಡು ಹೋಗ್ತೀನಿ ಅಂದಿದ್ದಾರೆ."

ಅಣ್ಣ ಕೈ ಮುಂದೆ ಚಾಚಿದ. ಯಜಮಾನರು ಕುಲುಕಿದರು. ಕಿಡಿಯ ಬಾಯಲ್ಲಿ ಮಾತು ಬಿಸಿ ತುಪ್ಪವಾಗಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಆ ಹೆಸರಿನ ಮೇಲೆ ನಿಂತ ಅಂಗಡಿ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪ ನಲವತ್ತು ವರ್ಷ ಕಟ್ಟಿದ್ದನ್ನು ಒಡೆಯಲು ಅವಳ ಒಂದು ಮಾತು ಸಾಕು.

ಅವಳು ಅಲ್ಲಿ ನಿಂತು ಇಷ್ಟೆಲ್ಲ ತೂಗಿ ನೋಡುವ ಹೊತ್ತಿಗೆ ಅಣ್ಣ ಟ್ರೇಲರನ್ನು ತನ್ನ ಪಿಕಪ್ ಗಾಡಿಗೆ ಸಿಕ್ಕಿಸಿದ್ದ. ಇಳಿಜಾರು ಹಲಗೆ ಹಾಕಿ, ಯಂತ್ರವನ್ನು ನಿಧಾನವಾಗಿ ಹತ್ತಿಸತೊಡಗಿದ. ಯಂತ್ರದ ಚಕ್ರಪಟ್ಟಿಗಳು ಹಲಗೆ ಏರುತ್ತಿದ್ದಂತೆ ಟ್ರೇಲರಿನ ಕತ್ತು ಒಂದಿಂಚು ಮೇಲಕ್ಕೆದ್ದಿತು. ಪೂರ್ತಿ ಹತ್ತಿದಾಗ ಮೂರಿಂಚು ಕುಸಿಯಿತು. ಕಿಡಿ ಉಸಿರು ಹಿಡಿದು ಆ ಮೂಲೆಯನ್ನೇ ನೋಡಿದಳು. ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಅವಳಿಗೆ ಹೆಚ್ಚು ಭಯ ತಂದಿತು, ಏಕೆಂದರೆ ಸಮತಟ್ಟು ನೆಲದಲ್ಲಿ ಯಾವ ಬೆಸುಗೆಯೂ ಬಾಯಿಬಿಡುವುದಿಲ್ಲ.

ನರ್ಸರಿಯಿಂದ ಕೆಳಗಿನ ರಸ್ತೆ ಒಂದೇ ಇಳಿಜಾರು. ಅದು ಮುಗಿಯುವಲ್ಲಿ ಒಂದು ತಿರುವು, ತಿರುವಿನಲ್ಲಿ ಶಾಲೆ. ಶಾಲೆ ಬಿಡುವುದು ನಾಲ್ಕಕ್ಕೆ. ಈಗ ಮೂರೂ ನಲವತ್ತು. ಅಣ್ಣ ಸರಪಳಿ ಬಿಗಿದು, ಕೈ ಒರೆಸಿಕೊಂಡು ಪಿಕಪ್ಪಿನ ಕಡೆ ನಡೆದ.

ಕಿಡಿ ಅವನಿಗಿಂತ ಮೊದಲು ಓಡಿದಳು. ಬಾಗಿಲು ತೆಗೆದು ಬೀಗದಕೈ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಏನೇ ಇದು, ಚಿಕ್ಕ ಮಕ್ಕಳ ಆಟ?"

"ಕತ್ತಿನ ವೆಲ್ಡಿಂಗ್ ಹಿಡಿದಿಲ್ಲ, ಅಣ್ಣ."

"ಅಪ್ಪ ಹಾಕಿದ್ದು."

"ಅಪ್ಪ ಹಾಕಿದ್ದು. ನಾನು ಉಜ್ಜಿದ್ದು."

ಅವನು ನಿಂತ. "ಅಪ್ಪ ಯಾವತ್ತೂ ಉಜ್ಜಿಸ್ತಿರ್ಲಿಲ್ಲ."

"ಉಜ್ಜಿಸ್ಲಿಲ್ಲ. ಅವನಿಗೆ ಗೊತ್ತಿಲ್ಲದ ಹಾಗೆ ನಾನೇ ಉಜ್ಜಿದೆ. ಅವನಿಗೆ ಕಣ್ಣು ಕಾಣ್ತಿರ್ಲಿಲ್ಲ. ಕೊನೇ ಎರಡು ವರ್ಷ ಮೂಲೆ ಕೆಲಸ ಒಂದೂ ಕಾಣ್ತಿರ್ಲಿಲ್ಲ."

ಹೇಳಿಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣನ ಮುಖ ಕೆಂಪೇರಿದ್ದನ್ನು ಅವಳು ನೋಡಿದಳು. ಅವನು ಕೂಗಾಡುವವನಲ್ಲ. ಸಿಟ್ಟು ಬಂದಾಗ ಅವನ ದನಿ ಇಳಿಯುತ್ತಿತ್ತು.

"ಅಪ್ಪ ಸತ್ತು ನಾಲ್ಕು ವರ್ಷ ಆಯ್ತು. ತಿರುಗಿ ಮಾತಾಡೋಕೆ ಆಗದವನ ಮೇಲೆ ಹೇಳ್ತಿದ್ದೀಯ."

"ಗೊತ್ತು."

"ಆರು ವರ್ಷ ಓಡಿದೆ ಇದು," ಎಂದು ಯಜಮಾನರು ನಡುವೆ ಬಾಯಿ ಹಾಕಿದರು. ಅವರ ದನಿಯಲ್ಲಿ ವ್ಯಾಪಾರ ಕೈತಪ್ಪುವ ಕಸಿವಿಸಿಯಿತ್ತು. "ಒಂದು ದಿನ ತೊಂದರೆ ಕೊಟ್ಟಿಲ್ಲ."

"ಏನು ಹೇರ್ತಿದ್ರಿ ಯಜಮಾನ್ರೇ?" ಎಂದಳು ಕಿಡಿ.

"ಗಿಡ. ಕುಂಡ. ಒಂದಿಷ್ಟು ಗೊಬ್ಬರ."

"ಎರಡು ಟನ್ ಯಾವತ್ತಾದ್ರೂ ಹೇರಿದ್ರಾ?"

ಯಜಮಾನರು ಯಂತ್ರದ ಕಡೆ ನೋಡಿದರು. ಅಣ್ಣ ಕೈಚಾಚಿದ. "ಬೀಗದಕೈ ಕೊಡು."

"ಮೊದ್ಲು ಮಷಿನ್ ಇಳಿಸು. ಆಮೇಲೆ ಸೀಮೆಸುಣ್ಣ ಹಚ್ಚಿ ನೋಡೋಣ. ನನ್ನ ಮಾತು ಸುಳ್ಳಾದ್ರೆ ನೀನು ಹೇಳಿದ ಹಾಗೆ ಕೇಳ್ತೀನಿ. ಇವತ್ತು ಅಂತಲ್ಲ, ಯಾವತ್ತೂ."

ಸೀಮೆಸುಣ್ಣದ ಪರೀಕ್ಷೆ ಅಪ್ಪನೇ ಇಬ್ಬರಿಗೂ ಕಲಿಸಿದ್ದು. ಬೇರೆ ಅಂಗಡಿಯ ಕೆಲಸ ರಿಪೇರಿಗೆ ಬಂದರೆ ಅವನು ಅದನ್ನು ಮಾಡದೇ ಕೈ ಹಾಕುತ್ತಿರಲಿಲ್ಲ. ತನ್ನ ಕೆಲಸಕ್ಕೆ ಮಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಣ್ಣ ಸರಪಳಿ ಬಿಚ್ಚಿ ಯಂತ್ರವನ್ನು ಇಳಿಸಿದ.

ಕಿಡಿ ಅಡಿಗೆ ತೂರಿ ಆ ಮೂಲೆಯ ಬಣ್ಣವನ್ನು ಕೆರೆದಳು. ಮೊದಲು ಹಸಿರು ಬಂತು, ಅದರಡಿ ಕೆಂಪು ಪ್ರೈಮರ್, ಅದರಡಿ ಬೆಳ್ಳಗೆ ಹೊಳೆಯುವ ಲೋಹ. ಬೆಳ್ಳಗಿರುವುದೆಲ್ಲ ಹಾಲಲ್ಲ. ಯಂತ್ರದ ಟ್ಯಾಂಕಿನಿಂದ ಒಂದು ಲೋಟ ಡೀಸೆಲ್ ತಂದು, ಬಟ್ಟೆಯಲ್ಲಿ ಅದ್ದಿ ಬೆಸುಗೆಗೆ ಹಿಂಡಿದಳು. ಬಿರುಕಿದ್ದರೆ ಡೀಸೆಲ್ ಅದರೊಳಗೆ ಇಳಿಯಬೇಕು, ಅದಕ್ಕೆ ಹತ್ತು ನಿಮಿಷ ಬೇಕು. ಗಿಡಗಳ ಹೆಸರು ಬರೆಯುವ ಹಲಗೆಗಳ ಬಳಿಯಿಂದ ಯಜಮಾನರೇ ಒಂದು ಸೀಮೆಸುಣ್ಣ ತಂದುಕೊಟ್ಟರು.

ಆ ಹತ್ತು ನಿಮಿಷ ಅಣ್ಣ ಬೆನ್ನು ತಿರುಗಿಸಿ ನಿಂತಿದ್ದ. ಬಿರುಕು ಇಲ್ಲದಿರಲಿ ಎಂದು ಕಿಡಿಯ ಮನಸ್ಸಿನ ಅರ್ಧ ಬೇಡಿಕೊಳ್ಳುತ್ತಿತ್ತು. ತಾನು ಸುಳ್ಳಿಯಾಗಲಿ, ಅಣ್ಣ ಜನ್ಮವಿಡೀ ಆಡಿಕೊಳ್ಳಲಿ, ಅಪ್ಪ ಗೆಲ್ಲಲಿ. ಕೆಳಗೆ ಶಾಲೆಯ ಗಂಟೆ ಹೊಡೆಯಿತು. ಮಕ್ಕಳ ಗದ್ದಲ ಗುಡ್ಡದ ಮೇಲಿನವರೆಗೂ ಕೇಳಿಸಿತು.

ಅವಳು ಡೀಸೆಲನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದಳು. ಸೀಮೆಸುಣ್ಣವನ್ನು ಉದ್ದಕ್ಕೂ ಉಜ್ಜಿದಳು. ಬಿರುಕಿನೊಳಗೆ ಡೀಸೆಲ್ ಉಳಿದಿದ್ದರೆ ಸುಣ್ಣ ಅದನ್ನು ಹೀರಿ ಕಪ್ಪು ಗೆರೆ ತೋರಿಸಬೇಕು. ಮೂಲೆ ಬಿಳಿಯಾಯಿತು, ಬಿಳಿಯಾಗಿಯೇ ಇತ್ತು.

"ನೋಡಿದ್ಯಾ?" ಎಂದ ಅಣ್ಣ.

"ತಡಿ."

ಅವನು ಅವಳ ಪಕ್ಕದಲ್ಲಿ ಬಂದು ಮಲಗಿದ. ಚಿಕ್ಕಂದಿನಲ್ಲಿ ಇಬ್ಬರೂ ಹೀಗೇ ಗಾಡಿಗಳಡಿ ಮಲಗಿ ಅಪ್ಪನ ಕೈ ನೋಡುತ್ತಿದ್ದರು. ಬಿಳಿಯ ನಡುವೆ ಒಂದು ಕೂದಲೆಳೆಯಷ್ಟು ಕಪ್ಪು ಕಾಣಿಸಿತು. ಅದು ನಿಧಾನವಾಗಿ ಎಡಕ್ಕೆ ಬೆಳೆಯಿತು, ಬಲಕ್ಕೆ ಬೆಳೆಯಿತು, ಮೂಲೆಯಲ್ಲಿ ತಿರುಗಿ ಇನ್ನೊಂದು ಬದಿಗೆ ಹೋಯಿತು. ಕತ್ತಿನ ಮುಕ್ಕಾಲು ಸುತ್ತು ಬಿರುಕಿತ್ತು. ಉಳಿದ ಕಾಲು ಭಾಗದಲ್ಲಿ ಅದು ಆರು ವರ್ಷ ಗಿಡ ಹೊತ್ತಿತ್ತು.

ಅಣ್ಣ ಬೆರಳಿನಿಂದ ಆ ಗೆರೆಯನ್ನು ಮುಟ್ಟಿದ. "ನಂಗೆ ಯಾಕೆ ಹೇಳ್ಲಿಲ್ಲ?"

"ಅಪ್ಪ ಆಣೆ ಹಾಕಿಸ್ಕೊಂಡಿದ್ದ."

"ಅವನು ಹೋದ ಮೇಲೆ?"

ಬೋರ್ಡಿನ ಮೇಲೆ ಆ ಹೆಸರಿತ್ತು, ಅವಳ ತಟ್ಟೆಗೆ ಅನ್ನ ಬೀಳುತ್ತಿದ್ದುದು ಅದರಿಂದ. ಅದನ್ನೇ ಹೇಳಿದಳು.

ಯಜಮಾನರೂ ಬಗ್ಗಿ ನೋಡಿದರು. ನೋಡಿದವರು ಹಾಗೇ ಮಣ್ಣಿನ ಮೇಲೆ ಕೂತುಬಿಟ್ಟರು. "ಮೊನ್ನೆ ನನ್ನ ಮಗಳು ಇದನ್ನ ಎಳ್ಕೊಂಡು ಇಳಿದ್ಲು," ಎಂದರು. ಮತ್ತೆ ವ್ಯಾಪಾರದ ಮಾತೆತ್ತಲಿಲ್ಲ.

ಎತ್ತಿದವನು ಅಣ್ಣ. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು, "ಆ ಇನ್ನೊಬ್ಬರಿಗೆ ಬರ್ಬೇಡಿ ಅನ್ನಿ ಯಜಮಾನ್ರೇ. ಇದನ್ನ ನಾವೇ ತಗೊಳ್ತೀವಿ. ನಾಳೆ ಲಾರಿ ಮೇಲೆ ಹೇರ್ಕೊಂಡು ಹೋಗ್ತೀವಿ, ಎಳ್ಕೊಂಡು ಅಲ್ಲ," ಎಂದ. ತಂಗಿಯ ಕಡೆ ತಿರುಗಿದ. "ಕತ್ತು ಕತ್ತರಿಸಿ ಹೊಸದಾಗಿ ವೆಲ್ಡಿಂಗ್ ಮಾಡು. ಈ ಸಲ ಉಜ್ಜಬೇಡ."

ಕಿಡಿಗೆ ಅಳು ಒತ್ತರಿಸಿ ಬಂತು. ಅತ್ತಳು. ಅಣ್ಣ ಸಮಾಧಾನ ಮಾಡಲಿಲ್ಲ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಲು ಬಹಳ ದಿನ ಬೇಕೆಂದು ಅವಳಿಗೂ ಗೊತ್ತಿತ್ತು. ಅವಳು ಮುಖ ಒರೆಸಿಕೊಳ್ಳುವವರೆಗೆ ಕಾದು ನಿಂತು ಕೇಳಿದ.

"ಆ ಎರಡು ವರ್ಷದಲ್ಲಿ ಇಂಥವು ಎಷ್ಟು ಹೋದ್ವು?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಬೀಗದಕೈ ಕಿತ್ತಾಗಲೇ ಗೊತ್ತಿತ್ತು. "ಇದು ಬಿಟ್ಟು ಮೂರು."

"ಯಾರ್ಯಾರು?"

"ಇಟ್ಟಿಗೆ ಭಟ್ಟಿಯವರು. ದೋಣಿ ರಿಪೇರಿಯವರು. ಬೋರ್‌ವೆಲ್ ಪೈಪಿನವರು."

ಅಣ್ಣ ತನ್ನ ಫೋನು ಅವಳ ಕೈಗಿಟ್ಟ. ಅವಳ ಬಳಿಯೇ ಫೋನಿತ್ತು, ನಂಬರುಗಳೂ ಇದ್ದವು. ಆದರೂ ಅವನದನ್ನೇ ತೆಗೆದುಕೊಂಡಳು. ಅತಿ ಭಾರ ಹೇರುವವರು ಇಟ್ಟಿಗೆಯವರು. ಮೊದಲು ಅವರಿಗೇ ಮಾಡಿದಳು. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದರು. ಅವಳು ತಾನು ಯಾರೆಂದು ಹೇಳಿದಳು.

"ಮೇಸ್ತ್ರಿ ಮಗಳಾ? ಆಯಸ್ಸು ನೂರಮ್ಮ ನಿನಗೆ," ಎಂದಿತು ಆ ಕಡೆಯ ದನಿ, ಇಂಜಿನ್ನಿನ ಸದ್ದಿನ ಮೇಲೆ. "ಈಗಷ್ಟೇ ನಿಮ್ಮಪ್ಪನ್ನ ನೆನಸ್ಕೊಂಡೆ ನೋಡು. ಕಲ್ಲಿನಂಥ ಗಾಡಿ ಮಾಡಿಕೊಟ್ಟು ಹೋದ್ರು. ಇಟ್ಟಿಗೆ ಹೇರಿದ್ದಾಯ್ತು, ಹೊರಡೋದೊಂದೇ ಬಾಕಿ. ಏನಮ್ಮ ವಿಷಯ?"

ಕಿಡಿ ಅಣ್ಣನ ಮುಖ ನೋಡಿದಳು.

"ಹೊರಡಬೇಡಿ," ಎಂದಳು.