ಏಡಿ ಬಿಲ ಕುಡಿದ ಗಂಟೆ

ಅಂಜನಾಪುರದ ಕಾಲುವೆ ಕೆಳಗೆ ಚಂದ್ರಶೇಖರಪ್ಪನಂಥ ನ್ಯಾಯವಂತ ಇನ್ನೊಬ್ನಿರ್ಲಿಲ್ಲ ನೋಡ್ರಿ. ಹಂಗಂತ ಅವನೇ ತಿಳ್ಕೊಂಡಿದ್ದ. ಸೊರಬದ ಹೊಸಬಾಳೆಯಿಂದ್ಲೂ ನ್ಯಾಯ ಕೇಳಕ್ಕೆ ಬರ್ತಿದ್ರು ಅನ್ನಿ. ಇಪ್ಪತ್ತು ವರ್ಷದಿಂದ ನೀರಿನ ಸಂಘಕ್ಕೆ ಅವನೇ ಅಧ್ಯಕ್ಷ. ತೂಬು ಎತ್ತಿದ್ದೇ ತಡ ಗಡಿಯಾರ ಶುರು, ಎಕರೆಗೆ ಒಂದು ಗಂಟೆ. ಹೆತ್ತಪ್ಪ ಬಂದ್ರೂ ಒಂದು ನಿಮಿಷ ಜಾಸ್ತಿ ಇಲ್ಲ. ಪಾಲು ಮಾಡೋನು ಕೊನೆಗೆ ಉಣ್ಣಬೇಕು ಅಂತ ತನ್ನ ಪಾಳಿ ಕಟ್ಟಕಡೆಗೆ ಇಟ್ಕೊಂಡಿದ್ದ.

ಅವತ್ತು ಸಂಜೆ ಆರಕ್ಕೆ ಕಾಲುವೆ ಬಂದ್. ಆಮೇಲೆ ಈ ಬೆಳೆಗೆ ನೀರಿಲ್ಲ. ಭತ್ತ ಹಾಲು ತುಂಬೋ ಹೊತ್ತು, ಈಗ ನೀರು ತಪ್ಪಿದ್ರೆ ಬರೀ ಜೊಳ್ಳು. ನಾಲ್ಕರಿಂದ ಐದು ಕಾಲುವೆ ತುದೀಲಿರೋ ಕೊನೆ ಗದ್ದೆ ಮಾಳಮ್ಮಂದು. ಐದರಿಂದ ಆರು ಇವನದು.

"ಯಜಮಾನ್ರೇ, ನನ್ನ ಗಂಟೆ ನನ್ನ ಗದ್ದಿ ಮುಟ್ಟಲ್ರಿ," ಅಂದ್ಳು ಮಾಳಮ್ಮ.

"ಎಲ್ರಿಗೂ ಒಂದೇ ಗಡಿಯಾರವ್ವ."

"ಗಡಿಯಾರ ಬಿಡ್ರಿ. ನೀರಿನ ಜತಿ ಒಂದ್ಸಲ ನಡೀರಿ."

ಬಾಯಿ ಮುಚ್ಚಿಸಾಣ ಅಂತ ಹೊಂಟ. ಉಳಿದೋರ ಗದ್ದೆ ದಾಟಿದ್ದೇ, ನೀರು ಮುದಿ ಎಮ್ಮೆ ಹಂಗೆ ಹೆಜ್ಜೆ ಎತ್ತವಲ್ದು. ಒಣಗಿದ ಕಾಲುವೆ ಬಿರುಕು ಬಿರುಕಿಗೂ ಕುಡೀತದೆ. ಏಡಿ ಬಿಲ ಗುಳುಗುಳು ಅಂತದೆ. ಮಾಳಮ್ಮ ಮುಂದೆ ಓಡಿ ಓಡಿ ಬಿಲಕ್ಕೆ ಮಣ್ಣು ತುರುಕ್ತಾಳೆ, ಹಿಮ್ಮಡೀಲಿ ತುಳೀತಾಳೆ. ಒಂದು ದೊಡ್ಡ ಬಿಲಕ್ಕೆ ಮಣ್ಣು ನಿಲ್ಲವಲ್ದು. ಸೆರಗು ಹರಿದು ತುರುಕಿದ್ಳು.

ಐದಾತು. ನೀರಿನ್ನೂ ಎರಡು ಗದ್ದೆ ಹಿಂದೆ.

"ಹೊತ್ತಾತು. ತಿರುಗಿಸ್ಕಳ್ರಿ," ಅಂದ್ಳು. ಅಳ್ಲಿಲ್ಲ. ಕೈ ಮಾತ್ರ ಬಿಲದಾಗೇ ಇತ್ತು.

ತೂಬಿನ ಬಾಯಲ್ಲೇ ಇತ್ತು ಚಂದ್ರಶೇಖರಪ್ಪನ ಗದ್ದೆ. ತಿರುಗಿಸಿದ್ರೆ ಐದೇ ನಿಮಿಷಕ್ಕೆ ನೀರು. ತಿರುಗಿಸ್ದಿದ್ರೆ ವರ್ಷದ ಅನ್ನ ಹೋತು. ತನ್ನ ಗದ್ದೆ ಕಡೆ ನೋಡಿದ, ಬಿಲದಾಗಿನ ಕೈ ನೋಡಿದ.

"ಮುಚ್ಚವ್ವ ಬಿಲ," ಅಂದು ತಾನೂ ಕಾಲುವೆಗೆ ಇಳಿದ.

ಆರಕ್ಕೆ ತೂಬು ಬಿತ್ತು. ಮಾಳಮ್ಮನ ಗದ್ದೆ ಅರ್ಧ ತೊಯ್ದಿತ್ತು. ಇವನ ಗದ್ದೆಗೆ ಒಂದು ಹನಿ ಇಲ್ಲ.

"ಬಂದ ನೋಡು ಧರ್ಮರಾಯ!" ಅಂದ್ಳು ಹೆಂಡ್ತಿ ಜಗದಾಂಬ. "ಜೊಳ್ಳು ಬೇಯಿಸಿ ಬಡಿಸ್ಲೇನ್ರಿ?"

ಬೆಳಿಗ್ಗೆ ಸಂಘದ ಗೋಡೆ ಮೇಲೆ ಸುಣ್ಣದಾಗೆ ಬರೆದ: ಇನ್ಮೇಲೆ ನೀರು ಗದ್ದೆ ಮುಟ್ಟಿದ ಮೇಲೆ ಗಂಟೆ ಶುರು. ಬರೆದು ತಿರುಗಿದ್ರೆ ಉಚ್ಚಂಗಪ್ಪ ನಿಂತಿದ್ದ. ನೀರು ಮುಟ್ಟದೆ ಅದೇ ಕೊನೆ ಗದ್ದೆ ಮಾಳಮ್ಮಂಗೆ ಮಾರಿ ಕುರಿ ಕಾಯಕ್ಕೆ ಹಿಡಿದೋನು.

"ನಾನೂ ಕರೆದಿದ್ನಲ್ರಿ," ಅಂದ. "ಹತ್ತು ವರ್ಷದ ಹಿಂದೆ. ಕಾಲು ಹಿಡಿದಿದ್ದೆ. ಅವತ್ಯಾಕೆ ನಡೀಲಿಲ್ಲ ನೀವು?"

ಚಂದ್ರಶೇಖರಪ್ಪ ಗೋಡೆ ಮೇಲೆ ಬರೆದ 'ಇನ್ಮೇಲೆ' ಕಡೆ ತಿರುಗಿ ನೋಡಿದ. ಉಚ್ಚಂಗಪ್ಪ ಕುರಿ ಹೊಡ್ಕೊಂಡು ಹೊಂಟ.