ಪೇಷಂಟ್ ಜೊತೆಗಿದ್ದವನು

"ಇವನಿಗಾ? ಇವನಿಗೆ ಯಾರ್ರೀ ಹೆಣ್ಣು ಕೊಡ್ತಾರೆ? ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು. ಆಸ್ಪತ್ರೇಲಿ ಪುಗಸಟ್ಟೆ ಇಡ್ಲಿ ಸಿಗ್ತಾವೆ ಅಂತ ನನ್ನ ಮಂಚದ ಕೆಳಗೆ ಬಿದ್ಕಂಡಿದ್ದ."

ರಾಮಚಂದ್ರಪ್ಪ ಮಾವ ಇಷ್ಟು ಹೇಳಿ ತಾನೇ ನಕ್ಕ. ಅವನ ಮಗಳು ಭವ್ಯಾಳನ್ನು ನೋಡೋಕೆ ಮಲೆಬೆನ್ನೂರಿಂದ ಬಂದಿದ್ದ ಗಂಡಿನ ಕಡೆಯವರೂ ನಕ್ಕರು. ಮಾವನ ಮಗ ಮಾರುತಿ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಉಪ್ಪಿಟ್ಟಿನ ತಟ್ಟೆ ಹಿಡಕೊಂಡು ನಡುಮನೆಯಲ್ಲಿ ನಿಂತಿದ್ದೆ.

ಶುರುವಾಗಿದ್ದು ಹುಡುಗನ ಅಪ್ಪ ಉಚ್ಚಂಗೆಪ್ಪನವರಿಂದ. ಮಾವನ ಬೆನ್ನಿಗೆ ದಿಂಬು ಕೊಡ್ತಿದ್ದ ನನ್ನನ್ನು ನೋಡಿ ಯಾರು ಅಂತ ಕೇಳಿದರು. ಯಶೋದಾ ಅತ್ತೆ, "ಇವರ ಅಕ್ಕನ ಮಗ ರೀ, ಪರಶುರಾಮ. ಸೊಂಟ ಮುರಿದಾಗ ಮಗನಿಗಿಂತ ಹೆಚ್ಚು ನೋಡ್ಕಂಡ" ಅಂದಳು. "ಇಂಥ ಅಳಿಯ ಮನೇಲೇ ಅದಾನೆ, ಹೊರಗ್ಯಾಕೆ ಗಂಡು ಹುಡುಕ್ತೀರಿ?" ಅಂದರು ಉಚ್ಚಂಗೆಪ್ಪನವರು. ತಮಾಷೆಗೇ ಕೇಳಿರಬಹುದು. ಆದರೆ ಸೋದರಮಾವನ ಮಗಳನ್ನು ತರೋದು ನಮ್ಮಲ್ಲಿ ಇರೋದೇ. ನನಗೂ ಭವ್ಯಾಗೂ ಏನೋ ಐತೆ ಅಂದ್ಕೊಂಡು ಆ ಜನ ಎದ್ದು ಹೋದರೆ? ಮಾವ ಹೆದರಿದ. ಕಾಲಿಗೆ ಸಿಕ್ಕ ನನ್ನನ್ನೇ ತುಳಿದು ಆ ಕಡೆ ದಾಟಿಕೊಂಡ.

ನನಗಿದು ಅರ್ಥ ಆಗಲ್ಲ ಅಂತಲ್ಲ. ಅರ್ಥ ಆದರೆ ಉರಿ ಕಮ್ಮಿ ಆಗುತ್ತಾ?

ಮಾವ ಸೊಂಟ ಮುರ್ಕೊಂಡ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸ್ ಬಂದು, "ಪೇಷಂಟ್ ಜೊತೆ ಯಾರಿರ್ತೀರಿ?" ಅಂದಾಗ ನೆಂಟರೆಲ್ಲ ಬಾಗಿಲ ಕಡೆ ನೋಡಿದರು. ಮಾರುತಿಗೆ ತನ್ನ ಮೊಬೈಲ್ ಅಂಗಡಿ ನೆನಪಾಯಿತು. ನಾನು ಹರಿಹರದಲ್ಲಿ ಲಗೇಜ್ ಆಟೋ ಓಡಿಸೋನು. ಗಾಡಿಯನ್ನು ಗೆಳೆಯ ಹಮ್ಜಾನಿಗೆ ಒಪ್ಪಿಸಿ ಅಲ್ಲೇ ಇದ್ದುಬಿಟ್ಟೆ. ಯಾರೂ ನನ್ನ ಕೈಕಾಲು ಹಿಡಿದು ಕೇಳಿರಲಿಲ್ಲ. ಮಾವನ ಉಚ್ಚೆ ಎತ್ತಿದೆ, ಬಟ್ಟೆ ಬದಲಿಸಿದೆ, ಗಡ್ಡ ಕೆರೆದೆ. ಮಾರುತಿ ಸಂಜೆ ಎಳನೀರು ತರ್ತಿದ್ದ, ಅಪ್ಪನ ಪಕ್ಕ ನಿಂತು ಫೋಟೊ ಹೊಡ್ಕೊಂಡು ಸ್ಟೇಟಸ್‌ಗೆ ಹಾಕಿ ಹೋಗ್ತಿದ್ದ.

ಒಂದು ಮಧ್ಯಾಹ್ನ ಹಾಸಿಗೆ ಒದ್ದೆಯಾಗಿತ್ತು. ಮಾವ ಗೋಡೆ ಕಡೆ ಮುಖ ತಿರುಗಿಸಿ ಅತ್ತ. "ಯಾರಿಗೂ ಹೇಳಬ್ಯಾಡೋ ಪರಶು" ಅಂದ. ನಾನು ಅತ್ತೆಗೂ ಹೇಳಲಿಲ್ಲ.

ತಟ್ಟೆ ಇಟ್ಟು ಅಡಿಗೆಮನೆಗೆ ಹೋದರೆ ಅತ್ತೆ ಚಾ ಸೋಸ್ತಿದ್ದಳು.

"ನಿಮ್ಮ ಮಾವನ ಬಾಯಿ ನಿನಗೆ ಹೊಸದೇನಪ್ಪ? ಮನಸಿಗೆ ಹಚ್ಕೋಬ್ಯಾಡ. ತಗೋ, ಚಾ ಕೊಟ್ಟು ಬಾ."

"ಮಾರುತಿ ಕೊಡ್ಲಿ."

"ಅವನಿಗೆಲ್ಲಿ ಬರುತ್ತೆ ಇವೆಲ್ಲ?"

"ಚಾ ಲೋಟ ಎತ್ತಿ ಕೊಡೋದನ್ನ ಕಾಲೇಜಲ್ಲಿ ಕಲಿಸ್ಲಿಲ್ಲೇನತ್ತೆ?"

ಅತ್ತೆ ಲೋಟಗಳನ್ನು ಟ್ರೇಗೆ ಜೋಡಿಸಿ ನನ್ನ ಕಡೆಗೇ ಸರಿಸಿದಳು. ಟ್ರೇ ಎತ್ತಿಕೊಂಡು ಬಂದೆ.

ಮಾವ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದ. ಮುಖ ಬಿಳಿಚಿಕೊಂಡಿತ್ತು. ಆ ಮುಖ ನನಗೆ ಗೊತ್ತು. ಬಚ್ಚಲಿಗೆ ಹೋಗಬೇಕು, ಅದೂ ಬೇಗ. ಮಾರುತಿ ಹುಡುಗನಿಗೆ ಯಾವುದೋ ಹೊಸ ಫೋನ್ ತೋರಿಸ್ತಾ ಕೂತಿದ್ದ.

"ಪರಶು, ಒಂಚೂರು ಇಲ್ಲಿ ಬಾ."

ಹೋಗಿ ಕೈ ಕೊಟ್ಟಿದ್ದರೆ ಮುಗೀತಿತ್ತು. ಯಾರಿಗೂ ತಿಳೀತಿರಲಿಲ್ಲ. ಈಗಲೂ ಬಾಡಿಗೆ ಸಿಗದೆ ಗಾಡಿಯಲ್ಲಿ ಕೂತಾಗ ಅದೇ ಅನ್ನಿಸುತ್ತೆ, ಕೊಡಬೇಕಾಗಿತ್ತು. ಅಷ್ಟು ದಿನ ಆಸ್ಪತ್ರೆಯಲ್ಲಿ ಕೂತಿದ್ದು ಮಾವನಿಗೋಸ್ಕರನೋ, ಈ ಮನೆಯವರು ಒಂದು ಸಲ ನನ್ನನ್ನು ನಮ್ಮವನು ಅನ್ನಲಿ ಅಂತನೋ? ಅವತ್ತಿನವರೆಗೂ ನಾನು ಕೇಳ್ಕೊಂಡಿರಲಿಲ್ಲ.

ಟ್ರೇಯನ್ನು ಮಾರುತಿಯ ಮುಂದೆ ಇಟ್ಟು ಬಾಗಿಲಿಗೆ ನಡೆದೆ.

"ಪರಶೂ, ಸಿಟ್ಟೇನೋ? ಬಾರಪ್ಪ, ಕೈ ಕೊಡು."

ದನಿ ಸಣ್ಣದಾಗಿತ್ತು. ಉಚ್ಚಂಗೆಪ್ಪನವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಮಾವ ಚಾಚಿದ ಕೈ ಹಾಗೇ ಇತ್ತು. ಮಾರುತಿ, "ಏನಪ್ಪಾ, ಏನು ಬೇಕು?" ಅಂತ ಕೂತಲ್ಲಿಂದಲೇ ಕೇಳಿದ.

ನಾನು ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ, ಬೀದಿಗಿಳಿದು ನಡೆದೆ.