ಎತ್ತರ ಮಾರುವವರು

ಏಣಿ ಮಾಡಿ ಮಾರುವವರು ಮೆಟ್ಟಿಲು ಕಟ್ಟಿಸಿದರೆ ನಗೆಪಾಟಲು ಎಂದು ಅಪ್ಪ ನಂಬಿದ್ದರಿಂದ, ಕಾರ್ಖಾನೆಯ ಅಟ್ಟಕ್ಕೆ ಹತ್ತಲು ಇದ್ದದ್ದು ಒಂದು ಏಣಿ ಮಾತ್ರ. ಅಪ್ಪನ ನಂತರ ಯಜಮಾನನಾದ ಅಣ್ಣ ಯಾವುದೋ ತರಬೇತಿಗೆ ಹೋಗಿಬಂದವನೇ ಆ ಏಣಿ ಹತ್ತಿ, ಮೇಲೆ ಮೇಜು, ತಿರುಗುವ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟ.

“ಇನ್ಮೇಲೆ ದೂರದ ತೀರ್ಮಾನ ಎಲ್ಲ ಮೇಲೆ, ದಿನದ ತೀರ್ಮಾನ ಎಲ್ಲ ಕೆಳಗೆ,” ಎಂದು ಕೆಳಗೆ ವ್ಯಾಪಾರ ನೋಡಿಕೊಳ್ಳುತ್ತಿದ್ದ ತಂಗಿಗೆ ಸಾರಿದ. “ನಾವು ಏಣಿ ಮಾರೋರಲ್ಲ ಕಣೇ, ಎತ್ತರ ಮಾರೋರು!”

ಮೊದಲ ದೂರದ ತೀರ್ಮಾನವಾಗಿ ಮರ ತರಿಸುವುದನ್ನೇ ನಿಲ್ಲಿಸಿದ. ಮುಂದೆ ಜನ ಎಂಥ ಏಣಿ ಹತ್ತುತ್ತಾರೆಂದು ಯೋಚಿಸಿ ಮುಗಿಯುವವರೆಗೆ ಮರ ಬೇಡವಂತೆ. ಮಾಡಿಟ್ಟ ಏಣಿಗಳು ಖಾಲಿಯಾದವು. ಕೆಲಸವಿಲ್ಲದ ಬಡಗಿ ಉಳಿಗೆ ಸಾಣೆ ಹಿಡಿದು ಹಿಡಿದು ಅದನ್ನು ಹಲ್ಲುಕಡ್ಡಿ ಮಾಡಿಟ್ಟ. ಗಿರಾಕಿಗಳು ಪಕ್ಕದ ಬೀದಿಯ ಅಂಗಡಿ ಹಿಡಿದರು. ಉಳಿದವನು ಬಣ್ಣದ ಮೇಸ್ತ್ರಿಯೊಬ್ಬ. ಅವನೂ ಹೋದರೆ ಬಾಗಿಲು ಹಾಕುವುದೊಂದೇ ದಾರಿಯೆಂದು ತಂಗಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ಬಂದ. “ಉದ್ದನೇದು ಒಂದು ಏಣಿ ಬೇಕಮ್ಮಾ, ಈಗ್ಲೇ. ಇಲ್ಲಾಂದ್ರೆ ಹೇಳ್ಬಿಡಿ, ಇನ್ಮೇಲೆ ಆ ಬೀದಿಗೇ ಹೋಗ್ತೀನಿ.”

ಕಾರ್ಖಾನೆಯಲ್ಲಿ ಉಳಿದಿದ್ದದ್ದು ಅಟ್ಟಕ್ಕೆ ಒರಗಿದ್ದ ಏಣಿಯೊಂದೇ. ತಂಗಿ ಅದರ ಬುಡದಲ್ಲಿ ನಿಂತು ಕೂಗಿದಳು, “ಅಣ್ಣಾ, ಮೇಸ್ತ್ರಿ ಏಣಿ ಕೇಳ್ತಿದ್ದಾರೆ. ಇರೋದು ಇದೊಂದೇ...”

“ಥೂ, ಏಣಿ ಗೀಣಿ ಅಂತ ತಲೆ ತಿನ್ಬೇಡ ಕಣೇ! ಐದು ವರ್ಷದಾಚೆ ಇದ್ದೀನಿ ನಾನು. ಅದೆಲ್ಲ ಕೆಳಗಿನ ತೀರ್ಮಾನ!”

“ಆಮೇಲೆ ಬೈಬಾರ್ದು.”

“ಬೈಯಲ್ಲ, ಹೋಗು!”

ತಂಗಿ ಬಡಗಿಯ ಮುಖ ನೋಡಿದಳು. ಬಡಗಿ ಏಣಿಗೆ ಕೈ ಹಾಕಿ ಕೆಳಗಿಳಿಸಿದ. ಮೇಸ್ತ್ರಿ ಅದನ್ನು ಹೊತ್ತು ಹೊರಟವನು, ಅಂಥವೇ ಇನ್ನೂ ಆರು ಬೇಕೆಂದ.

ಊಟದ ಹೊತ್ತಿಗೆ ಅಣ್ಣನ ಕಾಲೊಂದು ಅಟ್ಟದಂಚಿನಿಂದ ಇಳಿದು, ಗಾಳಿಯಲ್ಲಿ ತಡಕಾಡಿ, ಹಾಗೇ ಮೇಲೆ ಹೋಯಿತು.

“ಏಣಿ ಎಲ್ಲೇ?”

“ಮಾರಿದೆ. ಕೆಳಗಿನ ತೀರ್ಮಾನ.”

“ನಿನ್ನ ತಲೆ! ಇನ್ನೊಂದು ಮಾಡ್ಸೇ!”

“ಮರ ಎಲ್ಲಿದೆ? ಮರ ತರ್ಸೋದು ಮೇಲಿನ ತೀರ್ಮಾನ ಅಲ್ವಾ, ನಾನು ಹೇಗೆ ಕೈ ಹಾಕ್ಲಿ? ಪಕ್ಕದ ಬೀದಿಯವರ ಹತ್ರ ಒಂದು ಏಣಿ ಕೇಳ್ಲಾ?”

“ಮಾನ ಕಳೀಬೇಡ್ವೇ!” ಅಣ್ಣನ ಹೊಟ್ಟೆ ಗುರುಗುಟ್ಟಿದ್ದು ಕೆಳಗಿನವರೆಗೂ ಕೇಳಿಸಿತು. “ಮರ ತರ್ಸು.”

“ಇದೊಂದ್ಸಲಾನಾ, ಇನ್ಮೇಲೂನಾ?”

“ಇನ್ಮೇಲೂ ನೀನೇ ತರ್ಸ್ಕೊಂಡು ಸಾಯಿ! ಮೊದ್ಲು ಊಟ ಕಳ್ಸು!”

ಸಂಜೆಗೆ ಮರ ಬಂತು. ಬಡಗಿ ಹುಮ್ಮಸ್ಸಿನಿಂದ ಗರಗಸ ಎತ್ತಿಕೊಂಡ. “ಯಾರದು ಮೊದ್ಲು ಮಾಡ್ಲಮ್ಮಾ? ಯಜಮಾನ್ರದಾ, ಮೇಸ್ತ್ರೀದಾ?”

ತಂಗಿ ತಲೆ ಎತ್ತಿದಳು. ದಾರ ಕಟ್ಟಿ ಮೇಲೇರಿಸಿದ್ದ ಊಟದ ಡಬ್ಬಿ ಖಾಲಿಯಾಗಿ ತೂಗಾಡುತ್ತಾ ಇಳಿಯುತ್ತಿತ್ತು.

“ಮೇಸ್ತ್ರೀವು ಆರೂ ಮುಗೀಲಿ,” ಎಂದಳು. “ಅಣ್ಣ ಹೇಗೂ ಐದು ವರ್ಷದಾಚೆ ಇದ್ದಾನೆ. ಅವನಿಗೇನು ಅವಸರ?”